ಬ್ಯಾಂಕಾಕಿನ ಬಿಸಿಲು, ಹಿರಿಯೂರಿನ ಬಿಸಿಲು: ಎರಡೂ ಒಂದೇನಾ?

ಹಿರಿಯೂರು, ಹೊಸದುರ್ಗದ ಕಡೆ ತೋಟ ಮಾಡುವವರ ಮೊಬೈಲಿಗೆ ಈಗ ದಿನಕ್ಕೊಂದು ಹೊಸ ಹಣ್ಣಿನ ವಿಡಿಯೊ ಬರುತ್ತದೆ. ಇವತ್ತು ರಂಬುಟಾನ್, ನಾಳೆ ಮ್ಯಾಂಗೋಸ್ಟೀನ್, ನಾಡಿದ್ದು ಡುರಿಯನ್. ವಿಡಿಯೊದ ಕೊನೆಯಲ್ಲಿ ಸಸಿ ಮಾರುವವರ ಫೋನ್ ನಂಬರು. ಜೊತೆಗೆ ಒಂದು ಮಾತು: "ಇದು ಬಿಸಿಲು ನಾಡಿನ ಹಣ್ಣು. ಬ್ಯಾಂಕಾಕಿನಲ್ಲಿ ನಿಮ್ಮೂರಿಗಿಂತ ಜಾಸ್ತಿ ಸೆಕೆ. ಅಲ್ಲಿ ಬೆಳೆಯೋದು ನಿಮ್ಮಲ್ಲಿ ಯಾಕೆ ಬೆಳೆಯಲ್ಲ?"

ಕೇಳಿದ ಕೂಡಲೇ ಸರಿ ಎನ್ನಿಸುವ ಮಾತು ಇದು. ಆದರೆ ನಂಬಿದರೆ ದುಬಾರಿ ಬೀಳುತ್ತದೆ. ರಾಗಿಯೋ ಶೇಂಗಾವೋ ಕೈಕೊಟ್ಟರೆ ಹೋಗುವುದು ಒಂದು ಹಂಗಾಮು. ಹಣ್ಣಿನ ಮರ ಹಾಗಲ್ಲ. ಬೀಜದಿಂದ ಬೆಳೆಸಿದ ಮ್ಯಾಂಗೋಸ್ಟೀನ್ ಸಸಿ ಮೊದಲ ಫಲ ಕೊಡಲು ಏಳೆಂಟು ವರ್ಷವಾದರೂ ಬೇಕು. ಅಷ್ಟು ವರ್ಷ ನೀರು, ಗೊಬ್ಬರ, ಆಳು ಎಲ್ಲ ಹಾಕಿ ಸಾಕಿದ ಮೇಲೆ "ಇದು ನಮ್ಮ ಹವೆಗೆ ಆಗಿಬರುವುದಿಲ್ಲ" ಎಂದು ತಿಳಿದರೆ, ಕಳೆದುಹೋದ ವರ್ಷಗಳನ್ನು ಯಾರೂ ವಾಪಸ್ಸು ಕೊಡುವುದಿಲ್ಲ.

ಹಾಗಾಗಿ ಬಿಸಿಲು ಎಂದರೆ ಎಲ್ಲ ಕಡೆ ಒಂದೇನಾ ಎಂಬ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಕ್ಷೆಯಲ್ಲಿ ಒಂದೇ ಗೆರೆ

ಮೊದಲು ಒಂದು ಅಚ್ಚರಿಯ ಸಂಗತಿ. ಹೊಸದುರ್ಗ ಪಟ್ಟಣ ಇರುವುದು ಸುಮಾರು 13.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬ್ಯಾಂಕಾಕ್ ಇರುವುದು ಸುಮಾರು 13.75 ಡಿಗ್ರಿಯಲ್ಲಿ. ಹೊಸದುರ್ಗದಿಂದ ನೇರ ಪೂರ್ವಕ್ಕೆ ಗೆರೆ ಎಳೆಯುತ್ತಾ ಹೋದರೆ ಅದು ಹಿರಿಯೂರು ತಾಲ್ಲೂಕನ್ನು ದಾಟಿ, ಆಂಧ್ರವನ್ನು ಹಾದು, ಶ್ರೀಹರಿಕೋಟಾದ ಹತ್ತಿರ ಸಮುದ್ರಕ್ಕಿಳಿದು, ಬಂಗಾಳ ಕೊಲ್ಲಿ ಮತ್ತು ಮ್ಯಾನ್ಮಾರಿನ ದಕ್ಷಿಣ ಭಾಗವನ್ನು ದಾಟಿ ಬ್ಯಾಂಕಾಕಿನ ನೆತ್ತಿಗೇ ಬಂದು ನಿಲ್ಲುತ್ತದೆ. ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಕೂಡ ಆ ಗೆರೆಗಿಂತ ಅರ್ಧ ಡಿಗ್ರಿಯೊಳಗೇ ಇವೆ.

ಅಂದರೆ ಸೂರ್ಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ದಿನ ನೆತ್ತಿಯ ಮೇಲೆ ಬರುತ್ತಾನೆ. ಹಗಲಿನ ಉದ್ದವೂ ಒಂದೇ. ಏಪ್ರಿಲ್ ತಿಂಗಳ ಮಧ್ಯಾಹ್ನದ ತಾಪಮಾನ ಎರಡೂ ಕಡೆ ಸರಾಸರಿ 35-36 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಥರ್ಮಾಮೀಟರ್ ಮಾತ್ರ ನೋಡಿದರೆ ಸಸಿ ಮಾರುವವರ ಮಾತು ನಿಜ.

ಆದರೆ ಅದೇ ನಕ್ಷೆಯಲ್ಲಿ ಈಗ ಪಶ್ಚಿಮದ ಕಡೆ ನೋಡಿ. ಹಿರಿಯೂರಿನಿಂದ ಆಗುಂಬೆಗೆ ನೇರ ರೇಖೆಯಲ್ಲಿ ಸುಮಾರು 170 ಕಿಲೋಮೀಟರ್ ದೂರ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹಿರಿಯೂರಿನಲ್ಲಿ 600 ಮಿಲಿಮೀಟರ್ ಆಸುಪಾಸು, ಎಷ್ಟೋ ವರ್ಷ ಅದಕ್ಕೂ ಕಡಿಮೆ. ಅರ್ಧ ದಿನದ ಬಸ್ ಪ್ರಯಾಣದಲ್ಲಿ ಮಳೆ ಹತ್ತು ಪಟ್ಟಿಗಿಂತ ಹೆಚ್ಚು ಬದಲಾಗಿಬಿಡುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಪಶ್ಚಿಮಘಟ್ಟವನ್ನು ಹತ್ತುವಾಗ ತನ್ನ ನೀರಿನ ಬಹುಪಾಲನ್ನು ಅಲ್ಲೇ ಸುರಿಸುತ್ತದೆ. ಈಚೆ ಇಳಿಯುವಾಗ ಉಳಿಯುವುದು ಮೋಡ ಮತ್ತು ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಕಡೆ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಹನಿದು ಹೋಗುತ್ತದೆ. ಇಲ್ಲಿಯ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜೋಗಿಮಟ್ಟಿ ಮತ್ತು ಸುತ್ತಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಈ ಗಾಳಿಗೆ ಸಾಕ್ಷಿ.

ಅಕ್ಷಾಂಶ ಒಂದೇ ಆದರೆ ಹವೆ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

'ಉಷ್ಣವಲಯ' ಎಂಬ ಒಂದೇ ಹೆಸರು, ನಾಲ್ಕು ಬೇರೆ ಹವೆ

'ಉಷ್ಣವಲಯದ ಹಣ್ಣು' ಎನ್ನುವ ಪದವೇ ಅರ್ಧ ಗೊಂದಲಕ್ಕೆ ಕಾರಣ. ಈ ಹೆಸರಿನಡಿ ಬರುವ ನಾಲ್ಕು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

* ಸಿಂಗಪುರ: ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ. ವರ್ಷಕ್ಕೆ 2000 ಮಿ.ಮೀ.ಗೂ ಹೆಚ್ಚು ಮಳೆ, ಅದೂ ಎಲ್ಲ ತಿಂಗಳೂ. ಒಣಗಾಲ ಎಂಬುದೇ ಇಲ್ಲ.
* ಬ್ಯಾಂಕಾಕ್: ವರ್ಷಕ್ಕೆ 1500 ಮಿ.ಮೀ. ಅಥವಾ ಅದಕ್ಕಿಂತ ತುಸು ಹೆಚ್ಚು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಡಿಸೆಂಬರ್-ಜನವರಿ ಒಣ. ಆದರೆ ಸಮುದ್ರ ಹತ್ತಿರ, ಊರು ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಬೇಸಿಗೆಯಲ್ಲೂ ಗಾಳಿ ಜಿಗುಟು.
* ಮಂಗಳೂರು: ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು. ಬಹುಪಾಲು ನಾಲ್ಕೇ ತಿಂಗಳಲ್ಲಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಕಡಲ ಗಾಳಿಯಿಂದ ಸೆಕೆ, ಬೆವರು.
* ಹಿರಿಯೂರು: 600 ಮಿ.ಮೀ. ಆಸುಪಾಸು. ಸಮುದ್ರದಿಂದ ದೂರ, ಸುಮಾರು 600 ಮೀಟರ್ ಎತ್ತರದ ಬಯಲು. ಬೇಸಿಗೆಯ ಮಧ್ಯಾಹ್ನ ಗಾಳಿ ಖಣಖಣ ಒಣಗಿರುತ್ತದೆ.

ಹವಾಮಾನವನ್ನು ವರ್ಗಗಳಾಗಿ ವಿಂಗಡಿಸಿದ ವ್ಲಾಡಿಮಿರ್ ಕೊಪೆನ್ ಎಂಬ ವಿಜ್ಞಾನಿ ಮೊದಲು ಓದಿದ್ದು ಸಸ್ಯಗಳ ಬಗ್ಗೆ. ಹಾಗಾಗಿ ಅವರು ಬರೀ ತಾಪಮಾನ ನೋಡಲಿಲ್ಲ. ಬಂದ ಮಳೆ ಆ ಊರಿನ ಬಿಸಿಲಿಗೆ ಸಾಕಾಗುತ್ತದೆಯೇ ಎಂದು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ಬ್ಯಾಂಕಾಕ್ ಉಷ್ಣವಲಯದ ಹುಲ್ಲುಗಾವಲು ಹವೆಗೆ ಸೇರುತ್ತದೆ. ಹಿರಿಯೂರು ಅರೆಶುಷ್ಕ, ಅಂದರೆ ಅರ್ಧ ಮರುಭೂಮಿ ವರ್ಗಕ್ಕೆ ಬೀಳುತ್ತದೆ. ಕರ್ನಾಟಕದ ಕೃಷಿ ವಲಯಗಳ ಪಟ್ಟಿಯಲ್ಲೂ ಈ ಭಾಗದ ಹೆಸರು 'ಮಧ್ಯ ಒಣ ವಲಯ' ಎಂದೇ ಇದೆ.

ಇನ್ನೊಂದು ಸ್ವಾರಸ್ಯ ಗಮನಿಸಿ. ಸಿಂಗಪುರದಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚು ತಾಪಮಾನ 37 ಡಿಗ್ರಿ. ಹಿರಿಯೂರಿನಲ್ಲಿ ಬೇಸಿಗೆಯಲ್ಲಿ ಅಷ್ಟು ಏರುವುದು ಸುದ್ದಿಯೇ ಅಲ್ಲ. ಡುರಿಯನ್, ರಂಬುಟಾನ್, ಮ್ಯಾಂಗೋಸ್ಟೀನ್ ಹುಟ್ಟಿದ್ದು ಮಲಯ, ಬೋರ್ನಿಯೊ ಕಡೆಯ ಆ ಮಳೆಕಾಡಿನ ಹವೆಯಲ್ಲಿ. ಅವು 'ಬಿಸಿಲು ನಾಡಿನ ಹಣ್ಣು' ಅಲ್ಲವೇ ಅಲ್ಲ. ನೆರಳು, ತೇವ, ಮೋಡದ ನಾಡಿನ ಹಣ್ಣುಗಳು.

ಗಾಳಿಗೂ ಬಾಯಾರಿಕೆ ಇರುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 36 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ, ಅಂದರೆ ಒಂದು ಮೀಟರ್ ಉದ್ದ, ಅಗಲ, ಎತ್ತರದ ಡಬ್ಬದಷ್ಟು ಗಾಳಿ, ಹೆಚ್ಚೆಂದರೆ ಸುಮಾರು 42 ಗ್ರಾಂ ನೀರಾವಿ ಹಿಡಿಯುತ್ತದೆ.

ಏಪ್ರಿಲಿನ ಒಂದು ಮಧ್ಯಾಹ್ನ ಹಿರಿಯೂರಿನಲ್ಲಿ 36 ಡಿಗ್ರಿ ತಾಪ, ಗಾಳಿಯ ತೇವಾಂಶ ಶೇ 25 ಎಂದು ಇಟ್ಟುಕೊಳ್ಳಿ. ಆಗ ಆ ಡಬ್ಬದಲ್ಲಿರುವ ನೀರಾವಿ ಹತ್ತೂವರೆ ಗ್ರಾಂ. ಇನ್ನೂ 31-32 ಗ್ರಾಂ ಜಾಗ ಖಾಲಿ. ಅದೇ ಹೊತ್ತಿಗೆ ಬ್ಯಾಂಕಾಕಿನಲ್ಲಿ 35 ಡಿಗ್ರಿ, ತೇವಾಂಶ ಶೇ 55 ಎಂದುಕೊಳ್ಳಿ. ಅಲ್ಲಿ 40 ಗ್ರಾಂ ಹಿಡಿಯುವ ಕಡೆ ಆಗಲೇ 22 ಗ್ರಾಂ ತುಂಬಿದೆ. ಖಾಲಿ ಇರುವುದು 18 ಗ್ರಾಂ.

ಈ ಖಾಲಿ ಜಾಗವೇ ಗಾಳಿಯ ಬಾಯಾರಿಕೆ. ಎಲೆಯ ಒಳಭಾಗ ಸದಾ ಒದ್ದೆ. ಎಲೆಯ ಅಡಿಭಾಗದಲ್ಲಿರುವ ಪತ್ರರಂಧ್ರಗಳೆಂಬ ಸಣ್ಣ ಬಾಯಿಗಳ ಮೂಲಕ ಗಾಳಿ ಆ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಥರ್ಮಾಮೀಟರ್ ತೋರಿಸುವ ವ್ಯತ್ಯಾಸ ಒಂದೇ ಡಿಗ್ರಿ. ಆದರೆ ಹಿರಿಯೂರಿನ ಗಾಳಿ ಎಲೆಯಿಂದ ನೀರು ಎಳೆಯುವ ಬಲ ಬ್ಯಾಂಕಾಕಿಗಿಂತ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜಾಸ್ತಿ. ಅದರ ಮೇಲೆ ಗಾಳಿ ಬೀಸುತ್ತಲೇ ಇದ್ದರೆ ಎಲೆಯ ಸುತ್ತ ಸ್ವಲ್ಪ ತೇವ ಕೂಡಿಕೊಳ್ಳಲಿಕ್ಕೂ ಬಿಡುವುದಿಲ್ಲ. ಒದ್ದೆ ಬಟ್ಟೆ ಹಿರಿಯೂರಿನಲ್ಲಿ ಅರ್ಧ ಗಂಟೆಗೆ ಒಣಗುವುದಕ್ಕೂ ಮಂಗಳೂರಿನಲ್ಲಿ ಸಂಜೆಯಾದರೂ ತಣ್ಣಗಿರುವುದಕ್ಕೂ ಇದೇ ಕಾರಣ.

ನಮಗೆ ಸೆಕೆ, ಮರಕ್ಕೆ ಹಿತ

ಹಾಗಾದರೆ ಬ್ಯಾಂಕಾಕಿಗೆ ಹೋಗಿಬಂದವರು "ಅಯ್ಯೋ, ಅಲ್ಲಿಯ ಸೆಕೆ ಮುಂದೆ ನಮ್ಮದು ಏನೂ ಅಲ್ಲ" ಎನ್ನುತ್ತಾರಲ್ಲ? ಅವರು ಹೇಳುವುದೂ ಸುಳ್ಳಲ್ಲ.

ನಮ್ಮ ದೇಹ ತಣ್ಣಗಾಗುವುದು ಬೆವರು ಆರಿದಾಗ. ಒಣ ಗಾಳಿ ಬೆವರನ್ನು ಬೇಗ ಎಳೆದುಕೊಳ್ಳುತ್ತದೆ. ಆದ್ದರಿಂದ ಹಿರಿಯೂರಿನಲ್ಲಿ 37 ಡಿಗ್ರಿ ಇದ್ದರೂ ಹುಣಸೆಮರದ ನೆರಳಿಗೆ ಬಂದರೆ ಹಾಯೆನಿಸುತ್ತದೆ. ಬ್ಯಾಂಕಾಕಿನಲ್ಲಿ 34 ಡಿಗ್ರಿ ಇದ್ದರೂ ಬೆವರು ಆರುವುದಿಲ್ಲ, ನೆರಳಿನಲ್ಲೂ ಉಸಿರು ಕಟ್ಟಿದಂತಾಗುತ್ತದೆ. ರಾತ್ರಿಯೂ ಅಷ್ಟೆ: ಏಪ್ರಿಲಿನಲ್ಲಿ ಬ್ಯಾಂಕಾಕಿನ ರಾತ್ರಿ 26-27 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಚಿತ್ರದುರ್ಗದಲ್ಲಿ 22-23ಕ್ಕೆ ಇಳಿಯುತ್ತದೆ.

ಅಂದರೆ ನಮ್ಮನ್ನು ಹಿಂಸಿಸುವ ಜಿಗುಟು ಗಾಳಿಯೇ ಡುರಿಯನ್ ಎಲೆಯನ್ನು ಕಾಪಾಡುತ್ತದೆ. ನಮಗೆ ಹಿತವಾದ ಒಣ ಗಾಳಿಯೇ ಅದರ ಎಲೆಯ ಅಂಚನ್ನು ಸುಡುತ್ತದೆ. 'ಸೆಕೆ' ಎಂಬುದು ನಮ್ಮ ಚರ್ಮದ ಅನುಭವ. ಅದನ್ನೇ ಮರದ ಅನುಭವ ಎಂದುಕೊಂಡಾಗ ಲೆಕ್ಕ ತಲೆಕೆಳಗಾಗುತ್ತದೆ.

ಬೋರ್‌ವೆಲ್ ಇದೆ, ಹನಿ ನೀರಾವರಿ ಇದೆ. ಸಾಲದೆ?

ಇದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಮಂಗಳೂರನ್ನೂ ಹಿರಿಯೂರನ್ನೂ ಹೋಲಿಸಿದರೆ ಸಾಕು. ದಕ್ಷಿಣ ಕನ್ನಡದಲ್ಲೂ ವರ್ಷಕ್ಕೆ ನಾಲ್ಕೈದು ತಿಂಗಳು ಮಳೆಯಿಲ್ಲ. ಆದರೂ ಅಲ್ಲಿಯ ಅಡಿಕೆ ತೋಟಗಳ ನಡುವೆ ರಂಬುಟಾನ್, ಮ್ಯಾಂಗೋಸ್ಟೀನ್ ಬೇಸಿಗೆಯಲ್ಲಿ ನೀರು ಕೊಟ್ಟರೆ ಫಲ ಕೊಡುತ್ತವೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ 'ಅರ್ಕಾ ಕೂರ್ಗ್ ಅರುಣ್', 'ಅರ್ಕಾ ಕೂರ್ಗ್ ಪತಿಬ್' ಎಂಬ ರಂಬುಟಾನ್ ತಳಿಗಳೇ ಬಂದಿವೆ. ಅಲ್ಲಿ ಕೊರತೆಯಿರುವುದು ಮಣ್ಣಿನ ನೀರು ಮಾತ್ರ. ಅದನ್ನು ಪೈಪಿನಲ್ಲಿ ತುಂಬಿಕೊಡಬಹುದು.

ಹಿರಿಯೂರಿನಲ್ಲಿ ಕೊರತೆ ಎರಡು: ಮಣ್ಣಿನ ನೀರು ಮತ್ತು ಗಾಳಿಯ ನೀರು. ಪೈಪು ಮೊದಲನೆಯದನ್ನು ತುಂಬುತ್ತದೆ, ಎರಡನೆಯದನ್ನಲ್ಲ. ಮಳೆಕಾಡಿನ ಮರದ ಎಲೆ ಅಗಲ, ಬೇರು ಮೇಲ್ಮಣ್ಣಿನಲ್ಲಿ ಹರಡಿದ್ದು. ಬುಡ ಒದ್ದೆಯಿದ್ದರೂ ಮಧ್ಯಾಹ್ನದ ಗಾಳಿ ಎಳೆಯುವಷ್ಟು ವೇಗವಾಗಿ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಆಗ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ನಿಲ್ಲುತ್ತದೆ. ಅಂದರೆ ಅಡುಗೆ ಬಂದ್. ಬಿಸಿಲು ಧಾರಾಳವಾಗಿದ್ದರೂ ಮರ ಉಪವಾಸ. ದಿನದಿನವೂ ಹೀಗಾದರೆ ಎಲೆಯ ತುದಿ ಕಂದುತ್ತದೆ, ಹೊಸ ಚಿಗುರು ಬಾಡುತ್ತದೆ, ಹೂ ಉದುರುತ್ತದೆ.

ಇನ್ನು ನೀರಿನ ಪ್ರಮಾಣ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ನಾಲ್ಕು ಮೀಟರ್ ಅಗಲ ಹರಡಿದ ಮರದ ನೆರಳು ಸುಮಾರು ಹನ್ನೆರಡೂವರೆ ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರು ಆರುತ್ತದೆ ಎಂದಿಟ್ಟುಕೊಂಡರೆ ಒಂದು ಮರಕ್ಕೆ 75 ಲೀಟರ್. ಎಕರೆಗೆ 80 ಮರವೆಂದರೆ ದಿನಕ್ಕೆ 6000 ಲೀಟರ್, ಅಂದರೆ ದಿನಕ್ಕೊಂದು ಟ್ಯಾಂಕರ್. ಮೂರು ತಿಂಗಳ ಬೇಸಿಗೆಗೆ ನಿಮ್ಮ ಬೋರ್‌ವೆಲ್ ಅಷ್ಟು ಕೊಡುತ್ತದೆಯೇ ಎಂದು ನಿಮಗೇ ಗೊತ್ತು.

ತೋಟಗಾರನ ಕಣ್ಣಿನಿಂದ ಬ್ಯಾಂಕಾಕ್

ಹೊಸದುರ್ಗದ ತೋಟಗಾರರೊಬ್ಬರು ಬ್ಯಾಂಕಾಕಿಗೆ ಹೋದರೆಂದು ಇಟ್ಟುಕೊಳ್ಳೋಣ. ಅವರಿಗೆ ಕಾಣುವುದು ಮಾಲ್‌ಗಳಲ್ಲ. ನಗರದ ಅಂಚಿನಲ್ಲೇ ಇರುವ ನೊಂತಬುರಿ ಪ್ರಾಂತ್ಯ ಡುರಿಯನ್ನಿಗೆ ಹಳೆಯ ಹೆಸರುವಾಸಿ. ಅಲ್ಲಿಯ ತೋಟ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಮರವಲ್ಲ, ನೀರು.

ಚಾವೊ ಪ್ರಾಯ ನದಿಯ ಮುಖಜ ಭೂಮಿ ಅದು. ಮಣ್ಣು ಗಟ್ಟಿ ಜೇಡಿ, ಅಗೆದರೆ ನೀರು. ಡುರಿಯನ್ ಬೇರಿಗೆ ನಿಂತ ನೀರು ಆಗದು. ಹಾಗಾಗಿ ಅಲ್ಲಿನವರು ಕಾಲುವೆ ತೋಡಿ, ಆ ಮಣ್ಣನ್ನು ಪಕ್ಕಕ್ಕೆ ಒಟ್ಟಿ, ಎತ್ತರದ ಏರಿಗಳನ್ನು ಮಾಡಿದರು. ಏರಿಯ ಮೇಲೆ ಮರ, ಎರಡು ಏರಿಗಳ ನಡುವೆ ನೀರಿನ ಕಾಲುವೆ. ಅಂಚಿನಲ್ಲಿ ನೆರಳಿಗೆ ಹಾಲವಾಣದ ಜಾತಿಯ ಮರ. ನಮ್ಮ ಮಲೆನಾಡಿನವರು ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಹಾಲವಾಣದ ಬಂಧುವೇ ಅದು. ಕಾಲುವೆಯ ನೀರು ಬೇರಿಗೂ ಒದಗುತ್ತದೆ, ಆವಿಯಾಗಿ ತೋಟದ ಗಾಳಿಯನ್ನೂ ತೇವವಾಗಿಡುತ್ತದೆ.

ಅಂದರೆ ಬ್ಯಾಂಕಾಕಿನಲ್ಲೂ ಡುರಿಯನ್ 'ಬಿಸಿಲಿಗೆ' ಬೆಳೆದದ್ದಲ್ಲ. ಬಿಸಿಲಿನಿಂದ ಮರೆಮಾಡಿ, ನೀರಿನ ನಡುವೆ ಕೂರಿಸಿ ಬೆಳೆಸಿದ್ದು. ಅಷ್ಟಾದರೂ ಅಪಾಯ ತಪ್ಪಿಲ್ಲ. 2011ರ ಮಹಾಪ್ರವಾಹದಲ್ಲಿ ನೊಂತಬುರಿಯ ತೋಟಗಳು ಮುಳುಗಿ ಹಳೆಯ ಮರಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಈಗ ದೊಡ್ಡ ಪ್ರಮಾಣದ ಡುರಿಯನ್ ಬರುವುದು ಇನ್ನೂ ಹೆಚ್ಚು ಮಳೆ ಬೀಳುವ ಚಂತಬುರಿಯ ಕಡೆಯಿಂದ. ಅಲ್ಲಿಯೂ 2024ರ ಬೇಸಿಗೆಯ ಬಿಸಿಗಾಳಿ ಮತ್ತು ಬರದಲ್ಲಿ ಬೆಳೆಗಾರರು ಲಾರಿಗಳಲ್ಲಿ ನೀರು ಕೊಂಡು ತಂದು ಮರ ಉಳಿಸಿಕೊಳ್ಳಬೇಕಾಯಿತು. ಹುಟ್ಟಿದ ಕಡೆಗೆ ಅಷ್ಟು ಹತ್ತಿರದಲ್ಲೇ ಹಾಗಾದರೆ, ಹಿರಿಯೂರಿನ ಪಾಡೇನು?

ಟ್ಯಾಂಕರ್ ಪಾಠ ನಮಗೂ ಆಗಿದೆ

ಲಾರಿಯಲ್ಲಿ ನೀರು ತರುವ ಕಥೆ ಹೊಳಲ್ಕೆರೆ, ಹೊಸದುರ್ಗದವರಿಗೆ ಹೊಸದಲ್ಲ. ಅಡಿಕೆಯೂ ತೇವದ ನಾಡಿನ ಮರವೇ. ಮಲೆನಾಡು, ಕರಾವಳಿಯ ಬೆಳೆ ಕೆರೆಯ ಹಿಂದಿನ ತೋಟಗಳಿಂದ ಹೊರಬಂದು ಬೋರ್‌ವೆಲ್ ನಂಬಿಕೊಂಡು ಬಯಲಿಗೆ ಹಬ್ಬಿತು. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಲಾಭವೂ ಬಂತು. ಕಳೆದ ದಶಕದ ಬರಗಾಲದ ವರ್ಷಗಳಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಎಷ್ಟೋ ಜನ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಲು ಹೆಣಗಿದರು. ಸುಳಿ ಬಿದ್ದ ತೋಟಗಳೂ ಇದ್ದವು.

ವಾಣಿ ವಿಲಾಸ ಸಾಗರದ ಇತಿಹಾಸ ನೋಡಿದರೆ ಈ ನಾಡಿನ ಮಳೆಯ ಗುಣ ತಿಳಿಯುತ್ತದೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಡುವೆ 89 ವರ್ಷ! ಆಮೇಲೆ 2025ರ ಜನವರಿಯಲ್ಲೇ ಇನ್ನೊಮ್ಮೆ ತುಂಬಿತು. ಒಂದು ಮಳೆಯ ವರ್ಷ ನೋಡಿ ಮೂವತ್ತು ವರ್ಷ ಬಾಳುವ ಮರ ನೆಡುವುದು ಎಷ್ಟು ಸರಿ ಎಂದು ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಒಣ ಹವೆ ಶಾಪವಲ್ಲ

ಇಷ್ಟು ಹೊತ್ತು ಒಣ ಗಾಳಿಯನ್ನು ಬೈದಂತಾಯಿತು. ಆದರೆ ಇದೇ ಒಣ ಗಾಳಿ ಬ್ಯಾಂಕಾಕಿನವರಿಗೆ ಇಲ್ಲದ ಒಂದು ಆಸ್ತಿ.

ದಾಳಿಂಬೆಯನ್ನೇ ನೋಡಿ. ಅದು ಇರಾನಿನ ಕಡೆಯ ಒಣ ನಾಡಿನ ಗಿಡ. ಅದರ ದೊಡ್ಡ ಶತ್ರು ದುಂಡಾಣು ಅಂಗಮಾರಿ ರೋಗ. ಎಲೆ, ಕಾಯಿಯ ಮೇಲೆ ಎಣ್ಣೆ ಸವರಿದಂಥ ಕಲೆ ಬಂದು, ಕಪ್ಪಾಗಿ, ಕಾಯಿ ಸೀಳುತ್ತದೆ. ಈ ರೋಗ ಹರಡುವುದು ಮಳೆಹನಿ ಸಿಡಿದಾಗ, ಗಾಳಿಯಲ್ಲಿ ತೇವ ಹೆಚ್ಚಿದಾಗ. ಅದಕ್ಕೇ ಹಿರಿಯೂರು, ಹೊಸದುರ್ಗದ ಬೆಳೆಗಾರರು ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಸವರಿ, ತಮಗೆ ಬೇಕಾದ ಕಾಲಕ್ಕೆ ಹೂ ಬರುವಂತೆ ಮಾಡಿಕೊಳ್ಳುವುದು. ಕಾಯಿ ಬಲಿಯುವ ಹೊತ್ತು ಮಳೆಗಾಲಕ್ಕೆ ಸಿಗದಂತೆ ನೋಡಿಕೊಳ್ಳಲು ಸಾಧ್ಯವಾಗುವುದೇ ಇಲ್ಲಿ ಒಣಗಾಲ ಉದ್ದವಾಗಿರುವುದರಿಂದ. ವರ್ಷದ ಆರು ತಿಂಗಳು ಮಳೆ ಬೀಳುವ ಕಡೆ ಇದು ಕಷ್ಟ. ಕೆರೆ ಕೋಡಿ ಬಿದ್ದ ವರ್ಷ ಊರಿಗೆ ಹಬ್ಬ, ದಾಳಿಂಬೆ ತೋಟಕ್ಕೆ ಮಾತ್ರ ಆತಂಕ ಎನ್ನುವುದೂ ಇದೇ ಲೆಕ್ಕ.

ಮಾವೂ ಹಾಗೆಯೇ. ಮಾವು ಚೆನ್ನಾಗಿ ಹೂ ಬಿಡಲು ಚಳಿಗಾಲದಲ್ಲಿ ರಾತ್ರಿ ತಾಪಮಾನ 20 ಡಿಗ್ರಿಗಿಂತ ಕೆಳಗಿಳಿಯಬೇಕು, ಮಣ್ಣು ಒಣಗಬೇಕು. ಚಿತ್ರದುರ್ಗದಲ್ಲಿ ಇದು ತಾನಾಗಿಯೇ ಆಗುತ್ತದೆ. ಬ್ಯಾಂಕಾಕಿನ ಬೆಚ್ಚನೆಯ ರಾತ್ರಿಗಳಲ್ಲಿ ಹೂ ಬರಿಸಲು ಅಲ್ಲಿನ ಬೆಳೆಗಾರರು ಬೆಳವಣಿಗೆ ತಡೆಯುವ ರಾಸಾಯನಿಕ ಕೊಟ್ಟು, ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಬೇಕಾಗುತ್ತದೆ. ಡುರಿಯನ್ ಕೂಡ ಹೂ ಬಿಡಲು ಕೆಲವು ದಿನಗಳ ಒಣ ಹವೆ ಬೇಡುತ್ತದೆ. ಆದರೆ ಅದು ಬೇಡುವುದು ಕೆಲವು ದಿನ, ಐದಾರು ತಿಂಗಳಲ್ಲ.

ಇನ್ನು ಚಿತ್ರದುರ್ಗದ ಗುಡ್ಡಗಳಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಸೀತಾಫಲ. ಅದರ ಮೂಲ ಅಮೆರಿಕ ಖಂಡದ ಉಷ್ಣವಲಯ. ಆದರೂ ಇಲ್ಲಿಯದೇ ಆಗಿಬಿಟ್ಟಿದೆ. ಕಾರಣ ಸರಳ: ಬೇಸಿಗೆ ಬಂದರೆ ಎಲೆ ಉದುರಿಸಿ ಸುಮ್ಮನಾಗುತ್ತದೆ. ಎಲೆಯೇ ಇಲ್ಲದಿದ್ದರೆ ಗಾಳಿ ಏನನ್ನು ಎಳೆದೀತು? ಮಳೆ ಬಿದ್ದ ಮೇಲೆ ಚಿಗುರಿ, ಕಾಯಿ ಕಚ್ಚುತ್ತದೆ. ಎಲಚಿಯೂ ಇದೇ ಉಪಾಯದ ಗಿಡ. ಜೊತೆಗೆ ಆಳಕ್ಕಿಳಿಯುವ ತಾಯಿಬೇರು ಅದರದ್ದು.

ಆ ಗೆರೆಯಿಂದ ಯಾವುದು ಬರಬಹುದು?

ಹೊಸ ಹಣ್ಣೇ ಬೇಡ ಎಂದಲ್ಲ. ಥಾಯ್ಲೆಂಡಿನ ಹೆಸರು ಹೊತ್ತ ಆಪಲ್ ಬೋರೆ ನಮ್ಮ ಒಣ ನಾಡಿಗೆ ಹೊಂದಿಕೊಂಡಿತು. ಅದು ನಮ್ಮ ಎಲಚಿಯ ಜಾತಿಯೇ ಆಗಿರುವುದು ಅದರ ಗುಟ್ಟು. ಥಾಯ್ಲೆಂಡಿನ ಫೆಚಬೂನ್ ಪ್ರಾಂತ್ಯ ಸಿಹಿ ಹುಣಸೆಗೆ ಪ್ರಸಿದ್ಧ. ಹುಣಸೆ ನಮ್ಮ ನೆಲದ ಮರವೇ. ಸೀಬೆಯ ಹೊಸ ತಳಿಗಳೂ ಮಿತ ನೀರಿನಲ್ಲಿ ಬರುತ್ತವೆ.

ಡ್ರ್ಯಾಗನ್ ಫ್ರೂಟ್ ಪಾಪಾಸುಕಳ್ಳಿ ಜಾತಿಯದು. ಅದು ಹಗಲಲ್ಲಿ ತನ್ನ ಕಾಂಡದ ರಂಧ್ರಗಳನ್ನು ಮುಚ್ಚಿ, ಗಾಳಿ ತಣ್ಣಗಾಗಿ ಬಾಯಾರಿಕೆ ಇಳಿದ ರಾತ್ರಿ ಹೊತ್ತು ತೆರೆಯುತ್ತದೆ. ಹಾಗಾಗಿ ಕಡಿಮೆ ನೀರಿನಲ್ಲಿ ಬದುಕುತ್ತದೆ. ಆದರೂ ಮೂಲತಃ ಅದು ಮಧ್ಯ ಅಮೆರಿಕದ ಕಾಡುಮರಗಳ ಮೇಲೆ ಹಬ್ಬುವ ಬಳ್ಳಿ. ಏಪ್ರಿಲಿನ ನೇರ ಬಿಸಿಲಿಗೆ ಕಾಂಡ ಹಳದಿಯಾಗಿ ಸುಡುತ್ತದೆ, ತುಸು ನೆರಳು ಬೇಕಾಗುತ್ತದೆ.

ಇವೆಲ್ಲದರಲ್ಲೂ ಒಂದು ಸಮಾನ ಅಂಶವಿದೆ. ಒಣಗಾಲ ಎದುರಿಸಲು ಅವುಗಳ ಹತ್ತಿರ ಒಂದಲ್ಲ ಒಂದು ಉಪಾಯವಿದೆ: ಎಲೆ ಉದುರಿಸುವುದು, ಆಳದ ಬೇರು, ಸಣ್ಣ ದಪ್ಪ ಎಲೆ, ರಾತ್ರಿ ಉಸಿರಾಟ. ಮಳೆಕಾಡಿನ ಮರಗಳಿಗೆ ಆ ಉಪಾಯ ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಸಸಿ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈ ಮರದ ತವರಿನಲ್ಲಿ ಮಳೆಯಿಲ್ಲದ ತಿಂಗಳು ಎಷ್ಟು? ನಮ್ಮಲ್ಲಿ ಎಷ್ಟು? 'ಎಷ್ಟು ಡಿಗ್ರಿ' ಎಂಬುದನ್ನು ಆಮೇಲೆ ಕೇಳಿ.
2. ಬೇಸಿಗೆಯ ಮಧ್ಯಾಹ್ನ ಅಲ್ಲಿ ಗಾಳಿಯ ತೇವಾಂಶ ಎಷ್ಟಿರುತ್ತದೆ? ದಿನದ ಸರಾಸರಿ ಬೇಡ. ಬೆಳಗಿನ ಜಾವದ ತೇವಾಂಶ ಎಲ್ಲ ಕಡೆ ಹೆಚ್ಚೇ ಇರುತ್ತದೆ.
3. ಬೇಸಿಗೆಯಲ್ಲಿ ಎಲೆ ಉದುರಿಸುವ ಮರವೋ, ಸದಾ ಹಸಿರೋ?
4. ಹತ್ತು ವರ್ಷದಲ್ಲಿ ನಿಮ್ಮ ಬೋರ್‌ವೆಲ್ ಅತಿ ಕಡಿಮೆ ನೀರು ಕೊಟ್ಟ ವರ್ಷದಲ್ಲಿ ಈ ಮರ ಬದುಕೀತೇ?
5. ಇದೇ ಹವೆಯ ತಾಲ್ಲೂಕಿನಲ್ಲಿ ಐದು ವರ್ಷದಿಂದ ಫಲ ಕೊಡುತ್ತಿರುವ ತೋಟ ತೋರಿಸುತ್ತೀರಾ? ವಿಡಿಯೊ ಬೇಡ, ವಿಳಾಸ ಕೊಡಿ.

ಮಳೆ, ತಾಪಮಾನ, ತೇವಾಂಶದ ಸ್ಥಳೀಯ ಲೆಕ್ಕ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರ ಸಿಗುತ್ತದೆ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಹಿರಿಯೂರಿನ ಪಕ್ಕದ ಬಬ್ಬೂರು ಫಾರಂನಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಒಣ ವಲಯದ ಬೆಳೆಗಳನ್ನು ನೋಡಿಕೊಳ್ಳುವುದೇ ಅವರ ಕೆಲಸ. ಗುಣಿ ತೋಡುವ ಮೊದಲು ಅಲ್ಲಿಗೆ ಒಂದು ಸಲ ಹೋಗಿಬನ್ನಿ.

ಆಸೆ ಇದ್ದರೆ ಮನೆಯ ಹಿಂದೆ, ತೆಂಗಿನ ನೆರಳಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ ಒಂದೇ ಒಂದು ರಂಬುಟಾನ್ ಸಸಿ ನೆಟ್ಟು ನೋಡಿ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಪಡುವಣ ಗಾಳಿಗೆ ಮರೆ ಮಾಡಿ. ಅದು ಬದುಕಬಹುದು. ಆದರೆ ಬದುಕುವುದು ಬೇರೆ, ಮಾರುವಷ್ಟು ಫಲ ಕೊಡುವುದು ಬೇರೆ. ಒಂದು ಗಿಡ ಕಲಿಸುವ ಪಾಠಕ್ಕೆ ಒಂದು ಎಕರೆ ಖರ್ಚು ಮಾಡಬೇಕಿಲ್ಲ.

ಮುಂದಿನ ಸಲ ಯಾರಾದರೂ "ಬ್ಯಾಂಕಾಕಿನಲ್ಲೂ ಇಷ್ಟೇ ಬಿಸಿಲು" ಎಂದರೆ, "ಬಿಸಿಲು ಇಷ್ಟೇ ಇರಬಹುದು, ಅಲ್ಲಿ ಒದ್ದೆ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ?" ಎಂದು ಕೇಳಿ ನೋಡಿ. ಸಸಿ ತೆಗೆದುಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.